ಬಳ್ಳಾರಿಯಲ್ಲಿ ಮನೆ: ದೊಡ್ಡದೋ, ಹತ್ತಿರದ್ದೋ?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ದಾವಣಗೆರೆಯವಳು. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಯಜಮಾನರಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ, ಬಳ್ಳಾರಿಯಿಂದ ಕಂಪನಿ ಬಸ್ಸಿದೆ. ಜೊತೆಗೆ ಉಬ್ಬಸವಿರುವ ಅತ್ತೆ, ಐದನೇ ಕ್ಲಾಸಿನ ಮಗ. ಹೊಸಪೇಟೆ ರಸ್ತೆ ಕಡೆಯ ಹೊಸ ಲೇಔಟಿನಲ್ಲಿ ಮೂರು ರೂಮಿನ ಮೇಲಿನ ಮನೆಗೆ ಇವರು ನನ್ನನ್ನು ಕೇಳದೆ ಹತ್ತು ಸಾವಿರ ಟೋಕನ್ ಕೊಟ್ಟು ಬಂದಿದ್ದಾರೆ. ನನಗೆ ಆಸ್ಪತ್ರೆ ಹತ್ತಿರ ಚಿಕ್ಕ ಮನೆಯಾದರೂ ಸಾಕು. ಹಾಗಂದರೆ "ನಾನು ಮಾಡಿದ್ದೆಲ್ಲ ನಿನಗೆ ತಪ್ಪೇ" ಅಂತ ಮುಖ ತಿರುಗಿಸುತ್ತಾರೆ. ಹಟ ಹಿಡಿಯಲೋ, ಸುಮ್ಮನಾಗಲೋ?

ಉತ್ತರ: ಸುಮ್ಮನಾಗಬೇಡಿ. ಆದರೆ ದೂರ, ಹತ್ತಿರ ಅಂತ ವಾದಕ್ಕೂ ಇಳಿಯಬೇಡಿ. ಆ ವಾದದಲ್ಲಿ ನೀವು ನಿಮ್ಮ ಅನುಕೂಲವನ್ನಷ್ಟೇ ಕೇಳುತ್ತಿದ್ದೀರಿ ಅಂತ ಅವರಿಗೆ ಕಾಣುತ್ತದೆ. ಬಳ್ಳಾರಿಯಲ್ಲಿ ಮನೆ ಗೊತ್ತುಮಾಡುವಾಗ ನೋಡಬೇಕಾದದ್ದು ನೀರು, ಧೂಳು, ಬಿಸಿಲು. ಇವುಗಳ ಜೊತೆ ಏಗಬೇಕಾದವರು ಹಗಲಿನಲ್ಲಿ ಮನೆಯಲ್ಲಿರುವವರು: ದಿನವಿಡೀ ಅತ್ತೆ, ನೈಟ್ ಡ್ಯೂಟಿ ಮುಗಿಸಿ ಬಂದು ಮಲಗುವ ನೀವು. ಬೆಳಗ್ಗೆ ಬಸ್ ಹತ್ತಿ ಹೋಗುವವರ ಲೆಕ್ಕಕ್ಕೆ ರೂಮು, ಬಾಡಿಗೆ, ಪಾರ್ಕಿಂಗ್ ಮಾತ್ರ ಸಿಗುವುದು ಸಹಜ.

ಮೊದಲು ನೀರು. ಊರಿಗೆ ಬರುವುದು ತುಂಗಭದ್ರಾ ಕಾಲುವೆಯ ನೀರು. ಕಾಲುವೆ ವರ್ಷವಿಡೀ ಹರಿಯುವುದಿಲ್ಲ. ಬೇಸಿಗೆಯಲ್ಲಿ ಅದು ನಿಂತಾಗ ಅಲ್ಲೀಪುರದ ಕೆರೆಯಂಥ ಕಡೆ ತುಂಬಿಸಿಟ್ಟದ್ದೇ ಗತಿ. ಅದಕ್ಕೇ ನಳಕ್ಕೆ ಸರದಿ, ಆ ಸರದಿಯೂ ಏರಿಯಾದಿಂದ ಏರಿಯಾಕ್ಕೆ ಬೇರೆ. ಓನರನ್ನು ಕೇಳಿದರೆ "ನೀರಿಗೇನ್ ತೊಂದ್ರೆ ಇಲ್ರೀ" ಅನ್ನುತ್ತಾರೆ. (ಮಾತು ತೆಲುಗಿನಲ್ಲಿ ಶುರುವಾದರೆ ಗಾಬರಿ ಬೇಡ, ನೀವು ಕನ್ನಡದಲ್ಲಿ ಉತ್ತರಿಸಿದರೆ ಅವರೂ ತಿರುಗುತ್ತಾರೆ.) ಕೇಳಬೇಕಾದದ್ದು ಎದುರು ಮನೆಯ ಹೆಂಗಸರನ್ನು: ಹೋದ ಸಲ ನಳ ಬಂದದ್ದು ಯಾವತ್ತು, ಎಷ್ಟು ಹೊತ್ತು ಇತ್ತು, ಹಗಲೋ ನಡುರಾತ್ರಿಯೋ, ಏಪ್ರಿಲ್‌ನಲ್ಲಿ ಎಷ್ಟು ದಿನ ಮುಂದೆ ಹೋಯಿತು.

ಆಮೇಲೆ ಸಂಪಿನ ಮುಚ್ಚಳ ತೆಗೆಸಿ. ಉದ್ದ, ಅಗಲ, ಆಳವನ್ನು ಅಡಿ ಲೆಕ್ಕದಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಮತ್ತೆ 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಆಳದ ಸಂಪು ಸುಮಾರು 5,000 ಲೀಟರಿನದು. ನಾಲ್ಕು ಜನಕ್ಕೆ ತಲಾ 100 ಲೀಟರ್ ಹಿಡಿದರೆ ದಿನಕ್ಕೆ 400. ನಳ ಎಂಟು ದಿನಕ್ಕೊಮ್ಮೆ ಬಂದರೂ 3,200 ಲೀಟರಿನಲ್ಲಿ ಮುಗಿಯುತ್ತದೆ. ಅದೇ ಸಂಪಿನಿಂದ ಕೆಳಗಿನ ಮನೆಯವರೂ ನೀರೆತ್ತುವುದಾದರೆ ಆರನೇ ದಿನಕ್ಕೆ ತಳ ಕಾಣುತ್ತದೆ, ಟ್ಯಾಂಕರ್ ಖರ್ಚು ಯಾರದು ಅನ್ನುವ ಜಗಳ ಏಳನೇ ದಿನ ಹುಟ್ಟುತ್ತದೆ. ಹೊಸ ಲೇಔಟ್ ಆದ್ದರಿಂದ ಇನ್ನೊಂದು ಮಾತು: ಅದು ಪಾಲಿಕೆಗೆ ಹಸ್ತಾಂತರವಾಗಿದೆಯೇ ಕೇಳಿ. ಆಗಿಲ್ಲದಿದ್ದರೆ ಬೀದಿದೀಪ, ಕಸದ ಗಾಡಿ, ನಳದ ನೀರು ಯಾವುದಕ್ಕೂ ಭರವಸೆಯಿಲ್ಲ, ಬೋರಿನ ನೀರೇ ಗತಿಯಾಗಬಹುದು. ಬಚ್ಚಲಿನ ಟ್ಯಾಪಿನ ಬಾಯಿಗೆ, ಗೀಸರ್ ಪೈಪಿನ ತುದಿಗೆ ಬಿಳಿ ಪದರ ಗಟ್ಟಿಯಾಗಿ ಕಟ್ಟಿದ್ದರೆ ನೀರು ಗಡುಸು ಅಂತ ಅರ್ಥ. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕುಡಿಯಲು ಕ್ಯಾನ್ ತರಬೇಕು.

ಧೂಳಿನ ವಿಷಯದಲ್ಲಿ ರಾಜಿ ಬೇಡ. ಹೊಸಪೇಟೆ ರಸ್ತೆಯಲ್ಲಿ ಲಾರಿ ಸಂಚಾರ ರಾತ್ರಿಯೂ ನಿಲ್ಲುವುದಿಲ್ಲ, ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಕಾರ್ಖಾನೆಗಳು ಇರುವುದೂ ಆ ದಿಕ್ಕಿನಲ್ಲೇ. ಮಾಳಿಗೆ ಹತ್ತಿ ಸಿಂಟೆಕ್ಸ್ ಮುಚ್ಚಳವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಮಣ್ಣಿನ ಬಣ್ಣವಾದರೆ ಕಿಟಕಿಗೆ ಜಾಲರಿ, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಹೀಗೆ ನಿಭಾಯಿಸಬಹುದು. ಕಪ್ಪು ಅಂಟಿದರೆ ಅದು ಹೊಗೆಯ ಮಸಿ ಇರಬಹುದು; ಉಬ್ಬಸವಿರುವವರನ್ನು ಆ ಮನೆಗೆ ಕರೆದೊಯ್ಯಬಾರದು. ಯಾವ ಏರಿಯಾ ಆದರೂ ಹೆದ್ದಾರಿಯಿಂದ ಕಾಲು ಕಿಲೋಮೀಟರಾದರೂ ಒಳಗಿರಲಿ.

ಬಿಸಿಲು ನಿಮ್ಮ ನಿದ್ದೆಯ ಪ್ರಶ್ನೆ. ಇಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮೇಲಂತಸ್ತಿನ ಸ್ಲ್ಯಾಬು ಹಗಲೆಲ್ಲ ಕಾದು ನಡುರಾತ್ರಿವರೆಗೂ ಕಾವು ಬಿಡುತ್ತಿರುತ್ತದೆ. ಮನೆಯನ್ನು ಮಧ್ಯಾಹ್ನ ಮೂರಕ್ಕೆ ನೋಡಿ, ನೀವು ಮಲಗಬೇಕಾದ ರೂಮಿನಲ್ಲಿ ಫ್ಯಾನ್ ಹಾಕಿ ಅರ್ಧ ಗಂಟೆ ಕೂತುಬಿಡಿ. ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಡಿ. ಬಿಸಿ ತಾಕಿದರೆ ಅಲ್ಲಿ ಹಗಲು ನಿದ್ದೆ ಆಗದು. ಕೂಲರ್ ಇಡೋಣ ಅಂತ ಯಜಮಾನರು ಹೇಳಬಹುದು. ಈ ಒಣ ಹವೆಗೆ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ದಿನಕ್ಕೆ ಹತ್ತಾರು ಲೀಟರ್ ನೀರು ಬೇಡುತ್ತದೆ. ಅದರ ಹುಲ್ಲು ತೊಳೆಯದೆ ಬಿಟ್ಟರೆ ಬೂಷ್ಟು ಹಿಡಿದು ಅತ್ತೆಯವರಿಗೆ ಮತ್ತೆ ಉಬ್ಬಸ.

ಇನ್ನು ಏರಿಯಾ. ನೀವು ಮೊದಲು ಹುಡುಕಬೇಕಾದದ್ದು ಆಸ್ಪತ್ರೆ ಇರುವ ಕಂಟೋನ್ಮೆಂಟ್ ಕಡೆಯ ಒಳಬೀದಿಗಳಲ್ಲಿ, ನೆಲಮಹಡಿ ಅಥವಾ ತಲೆಯ ಮೇಲೆ ಇನ್ನೊಂದು ಅಂತಸ್ತು ಇರುವ ಮನೆ. ಕೌಲ್ ಬಜಾರಿನಲ್ಲಿ ಬಾಡಿಗೆ ಇಳಿಯಬಹುದು, ಆದರೆ ಗಲ್ಲಿ ಇಕ್ಕಟ್ಟು. ಪಕ್ಕದಲ್ಲೇ ಜೀನ್ಸ್ ಹೊಲಿಯುವ ಮೆಷಿನ್ನುಗಳಿದ್ದರೆ ಹಗಲು ನಿದ್ದೆ ಮರೆತುಬಿಡಿ. ಗಾಂಧಿನಗರ, ಪಾರ್ವತಿನಗರ, ಸತ್ಯನಾರಾಯಣಪೇಟೆ ಹಳೆಯ ಬಡಾವಣೆಗಳು. ಅಂಗಡಿ, ಶಾಲೆ, ಔಷಧಿ ಕೈಗೆಟುಕುತ್ತವೆ, ಬಾಡಿಗೆ ಜಾಸ್ತಿ. ಅಲ್ಲಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಸಿಕ್ಕರೆ ಡ್ಯೂಟಿ ಹೊತ್ತಿನಲ್ಲೇ ಒಮ್ಮೆ ಸ್ಕೂಟರಿನಲ್ಲಿ ಹೋಗಿ ನೋಡಿ, 50ಕ್ಕೂ ಹೆಚ್ಚು ಡಬ್ಬಿಯ ಗೂಡ್ಸ್ ದಾಟುವವರೆಗೆ ಡ್ಯೂಟಿ ಹ್ಯಾಂಡೋವರ್ ಕಾಯುವುದಿಲ್ಲ. ಸಿರುಗುಪ್ಪ ರಸ್ತೆ ಕಡೆ ಹೊಸ ಮನೆಗಳು ಚೆಂದ. ಎರೆಮಣ್ಣಿನ ನೆಲ, ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕಿನಲ್ಲಿ ನಾಣ್ಯ ತೂರಿದರೆ ಅಲ್ಲಿಂದ ಎದ್ದು ಬನ್ನಿ. ಡಾಂಬರು ಕಾಣದ ರಸ್ತೆಯಾದರೆ ಮಳೆಗಾಲದಲ್ಲಿ ಆ ಮಣ್ಣು ಗಾಲಿಗೆ ಮೆತ್ತಿ ಸ್ಕೂಟರ್ ಕದಲುವುದಿಲ್ಲ.

ಯಜಮಾನರ ವಿಷಯ. ಟೋಕನ್ ಕೊಟ್ಟದ್ದು ತಪ್ಪು ಅಂತ ಮಾತು ತೆಗೆಯಬೇಡಿ. "ಮನೆ ನಾನೂ ನೋಡಬೇಕು, ಬನ್ನಿ" ಅನ್ನಿ. ಟೇಪು ಅವರ ಕೈಯಲ್ಲೇ ಇರಲಿ, ಸಂಪಿನ ಲೆಕ್ಕ ಅವರೇ ಹಾಕಲಿ. ಸಂಪು ಬೇರೆ, ನಳವಿದೆ, ಬಟ್ಟೆಗೆ ಮಸಿ ಹತ್ತಲಿಲ್ಲ, ರೂಮು ತಡೆಯುವಂತಿದೆ ಅಂತಾದರೆ ದೂರವನ್ನು ನೀವು ಒಪ್ಪಿಕೊಳ್ಳಬೇಕಾಗುತ್ತದೆ. ಅದಕ್ಕೂ ಸಿದ್ಧರಾಗಿ ಹೋಗಿ. ಆಗದಿದ್ದರೆ ಟೋಕನ್ ವಾಪಸ್ ಕೇಳಿ, ಪೂರ್ತಿ ಬರದಿದ್ದರೂ ಬಿಡಿ. ಆರು ತಿಂಗಳಲ್ಲಿ ಮನೆ ಬದಲಿಸಿದರೆ ಲಾರಿ, ಹಮಾಲಿ, ಬ್ರೋಕರ್ ಎಲ್ಲ ಸೇರಿ ಅದಕ್ಕಿಂತ ಹೆಚ್ಚೇ ಹೋಗುತ್ತದೆ. ನಿಮ್ಮನ್ನು ಕೇಳದೆ ಕೊಟ್ಟು ಬಂದ ನೋವು ಬೇರೆ ಮಾತು. ಅದನ್ನು ಮನೆ ಗೊತ್ತಾದ ಮೇಲೆ, ಅತ್ತೆಯವರು ಇಲ್ಲದ ಹೊತ್ತಿನಲ್ಲಿ ಆಡಿ.

ಯಾವ ಮನೆಯಾದರೂ 11 ತಿಂಗಳ ಕರಾರಿನಲ್ಲಿ ಟ್ಯಾಂಕರ್ ದುಡ್ಡು ಯಾರದು ಅನ್ನುವುದನ್ನು ಬರೆಸಿ. ಜೆಸ್ಕಾಂ ಮೀಟರ್ ನಿಮ್ಮ ಮನೆಗೇ ಬೇರೆ ಇರಲಿ, ಹಳೆಯ ಬಾಡಿಗೆದಾರರ ಆಧಾರ್ ಆ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಅಂಟಿಕೊಂಡಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ತೆಗೆಸಿ, ಇಲ್ಲದಿದ್ದರೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಆಗುವುದಿಲ್ಲ.