ಮಾರಿಯೋ ಯಾರ ಹೆಸರು? ಫೈನಲ್ ಫ್ಯಾಂಟಸಿಯ ಶಿವ ಯಾಕೆ ಹೆಣ್ಣು?

ಪ್ರಶ್ನೆ: ಮಗ ರಜೆಯೆಲ್ಲ ಮಾರಿಯೋ ಆಡಿಯೇ ಕಳೆದ. ಜಪಾನಿನವರು ಮಾಡಿದ ಆಟದಲ್ಲಿ ಇಟಲಿ ಹೆಸರಿನ ಪ್ಲಂಬರ್ ಎಲ್ಲಿಂದ ಬಂದ? ಆ ಹೆಸರಿಗೆ ಏನಾದರೂ ಅರ್ಥ ಉಂಟಾ?
– ಓದುಗರು, ಕುಂದಾಪುರ

ಉತ್ತರ: ಅರ್ಥಕ್ಕಾಗಿ ನಿಘಂಟು ತೆಗೆಯಬೇಡಿ. ಅದು ಒಬ್ಬ ಗೋದಾಮು ಮಾಲೀಕರ ಹೆಸರು.

1981ರಲ್ಲಿ ‘ಡಾಂಕಿ ಕಾಂಗ್’ ಬಂದಾಗ, ಉರುಳಿ ಬರುವ ಪೀಪಾಯಿಗಳ ಮೇಲೆ ಹಾರುವ ಆ ಮೀಸೆಯವನನ್ನು ‘ಜಂಪ್‌ಮ್ಯಾನ್’ ಎಂದು ಕರೆದಿದ್ದರು. ಆಗ ಅವನು ಬಡಗಿ, ಪ್ಲಂಬರ್ ಆದದ್ದು ಆಮೇಲೆ. ಆಟ ತಯಾರಿಸಿದ ಜಪಾನ್ ಕಂಪನಿ ನಿಂಟೆಂಡೊದ ಅಮೆರಿಕ ಶಾಖೆ ಆ ದಿನಗಳಲ್ಲಿ ಸಿಯಾಟಲ್ ಪಕ್ಕದ ಟುಕ್ವಿಲಾದಲ್ಲಿ ಬಾಡಿಗೆ ಗೋದಾಮಿನಲ್ಲಿ ನಡೆಯುತ್ತಿತ್ತು. ಅದರ ಮಾಲೀಕರು ಮಾರಿಯೋ ಸೆಗಾಲೆ. ಅವರು ಬಾಕಿ ಬಾಡಿಗೆಗಾಗಿ ಬಂದು ಕೂಗಾಡಿದರು, ಸಿಬ್ಬಂದಿ ಕೀಟಲೆಗೆ ಅವರ ಹೆಸರನ್ನೇ ಇಟ್ಟರು ಎಂಬ ಕಥೆ ಚಾಲ್ತಿಯಲ್ಲಿದೆ. ಜಗಳದ ಭಾಗಕ್ಕೆ ಬೇಕಾದಷ್ಟು ಉಪ್ಪು ಖಾರ ಸೇರಿದೆ. ಹೆಸರು ಅವರದೇ ಎಂಬುದನ್ನು ಮಾತ್ರ ಆಟದ ಜನಕ ಶಿಗೆರು ಮಿಯಾಮೊಟೊ ಅವರೇ ಒಪ್ಪಿದ್ದಾರೆ. ಸೆಗಾಲೆ 2018ರಲ್ಲಿ ತೀರಿಕೊಂಡರು. ರಾಯಧನದ ಚೆಕ್ಕಿಗೆ ಇನ್ನೂ ಕಾಯುತ್ತಿದ್ದೇನೆ ಎಂದು ಒಮ್ಮೆ ಪತ್ರಿಕೆಯೊಂದಕ್ಕೆ ತಮಾಷೆಯಾಗಿ ಹೇಳಿದ್ದರು.

ಅದೇ ಆಟದ ನಾಯಕಿ ಪಾಲೀನ್‌ಗೆ ಹೆಸರು ಬಂದದ್ದು ಗೋದಾಮು ನೋಡಿಕೊಳ್ಳುತ್ತಿದ್ದವರ ಹೆಂಡತಿಯಿಂದ. ಪೀಪಾಯಿ ಉರುಳಿಸುವ ಗೊರಿಲ್ಲಾವೇ ಡಾಂಕಿ ಕಾಂಗ್; ಅದು ಹಟಮಾರಿ, ಪೆದ್ದ ಎಂದು ಜನಕ್ಕೆ ಹೊಳೆಯಲಿ ಅಂತ ಅದರ ಹೆಸರಿಗೆ ಮಿಯಾಮೊಟೊ ಕತ್ತೆಯನ್ನು ಜೋಡಿಸಿದರು. ಇನ್ನು ಮಾರಿಯೋನ ಶತ್ರು ಬೌಸರ್‌ಗೆ ಜಪಾನಿನಲ್ಲಿ ‘ಕುಪ್ಪಾ’ ಎನ್ನುತ್ತಾರೆ. ಅದು ಕೊರಿಯಾದವರ ಒಂದು ಊಟದ ಹೆಸರು, ನಮ್ಮ ಲೆಕ್ಕದಲ್ಲಿ ಸಾರನ್ನ. ಬೆಂಕಿ ಉಗುಳುವ ರಾಕ್ಷಸನನ್ನು ಸಾರನ್ನ ಅಂತ ಕರೆಯುವ ಧೈರ್ಯ ನಮ್ಮ ಯಕ್ಷಗಾನ ಮೇಳಗಳಿಗೂ ಬಂದಿಲ್ಲ.

ಗೊರಿಲ್ಲಾದ ಹೆಸರು ನಿಂಟೆಂಡೊವನ್ನು ಕೋರ್ಟಿಗೂ ಎಳೆಯಿತು. ‘ಕಿಂಗ್ ಕಾಂಗ್’ ನಮ್ಮದು ಎಂದು ಯೂನಿವರ್ಸಲ್ ಚಿತ್ರ ಸಂಸ್ಥೆ 1982ರಲ್ಲಿ ದಾವೆ ಹೂಡಿತು. ನಿಂಟೆಂಡೊ ಪರ ವಕೀಲ ಜಾನ್ ಕರ್ಬಿ ಹಳೆಯ ಕಡತ ತೆಗೆದು ತೋರಿಸಿದರು: ಕಿಂಗ್ ಕಾಂಗ್ ಕಥೆ ಯಾರ ಸೊತ್ತೂ ಅಲ್ಲ ಎಂದು ಅದಕ್ಕೂ ಮೊದಲಿನ ಇನ್ನೊಂದು ಮೊಕದ್ದಮೆಯಲ್ಲಿ ವಾದಿಸಿ ಗೆದ್ದದ್ದು ಇದೇ ಯೂನಿವರ್ಸಲ್! ನಿಂಟೆಂಡೊ ಗೆದ್ದಿತು. 1992ರಲ್ಲಿ ‘ಪೊಪೊಪೊ’ ಎಂಬ ಅಡ್ಡಹೆಸರಿನಲ್ಲಿ ನಿಂಟೆಂಡೊದ ಇನ್ನೊಂದು ಆಟಕ್ಕಾಗಿ ತಯಾರಾಗುತ್ತಿದ್ದ ಗುಂಡಗಿನ ಗುಲಾಬಿ ಪಾತ್ರಕ್ಕೆ ಹೆಸರುಗಳ ಪಟ್ಟಿ ಬಂದಾಗ ಅದರಲ್ಲಿ ‘ಕರ್ಬಿ’ ಕೂಡ ಇತ್ತು. ವಕೀಲರ ನೆನಪೂ ಸೇರಿ ಅದೇ ಗಟ್ಟಿಯಾಯಿತು.

ಪ್ರಶ್ನೆ: ನಮ್ಮ ಆಫೀಸಿನ ಜಪಾನ್ ಸಹೋದ್ಯೋಗಿ ಸ್ಟ್ರೀಟ್ ಫೈಟರ್‌ನ ಎಂ. ಬೈಸನ್‌ನನ್ನು ‘ವೇಗಾ’ ಅನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಪಾರ್ಲರ್‌ನಲ್ಲಿ ಆಡಿದ್ದು ನೆನಪಿದೆ, ವೇಗಾ ಅಂದರೆ ಮುಖವಾಡದ ಸ್ಪೇನ್‌ನವನು. ಯಾರದು ಸರಿ?
– ಓದುಗರು, ಬೆಂಗಳೂರು

ಉತ್ತರ: ಇಬ್ಬರದೂ ಸರಿ. ಎಡವಟ್ಟಾದದ್ದು ಹಡಗು ಹತ್ತುವಾಗ.

1991ರ ‘ಸ್ಟ್ರೀಟ್ ಫೈಟರ್ 2’ರ ಜಪಾನ್ ಆವೃತ್ತಿಯಲ್ಲಿ ಬಾಕ್ಸರ್ ಪಾತ್ರದ ಹೆಸರು ಮೈಕ್ ಬೈಸನ್. ಯಾವ ಬಾಕ್ಸರ್‌ನ ಅಣಕ ಎಂದು ಬಿಡಿಸಿ ಹೇಳಬೇಕಿಲ್ಲ. ಮೈಕ್ ಟೈಸನ್ ಕಡೆಯಿಂದ ನೋಟಿಸ್ ಬಂದೀತು ಎಂಬ ಅಂಜಿಕೆಯಿಂದ ಅಮೆರಿಕಕ್ಕೆ ಕಳಿಸುವಾಗ ಮೂವರ ಹೆಸರನ್ನು ಅದಲುಬದಲು ಮಾಡಿದರು. ಬಾಕ್ಸರ್‌ಗೆ ‘ಬಾಲ್‌ರಾಗ್’, ಸ್ಪೇನ್‌ನವನಿಗೆ ‘ವೇಗಾ’, ಕೆಂಪು ಸಮವಸ್ತ್ರದ ಸರ್ವಾಧಿಕಾರಿಗೆ ‘ಎಂ. ಬೈಸನ್’. ‘ಎಂ.’ ಎಂಬ ಆ ಇನಿಷಿಯಲ್ ಮೂಲತಃ ಮೈಕ್‌ನದು. ಸರ್ವಾಧಿಕಾರಿಯ ಹೆಸರಿನಲ್ಲಿ ಅದಕ್ಕೆ ಕೆಲಸವೇ ಇಲ್ಲ, ಆದರೂ ಮೂವತ್ತು ವರ್ಷಗಳಿಂದ ಅಂಟಿಕೊಂಡಿದೆ. ಟೂರ್ನಮೆಂಟ್‌ಗಳಲ್ಲಿ ಎರಡೂ ದೇಶದವರು ಎದುರಾದಾಗ ತಕರಾರೇ ಬೇಡವೆಂದು ‘ಬಾಕ್ಸರ್’, ‘ಕ್ಲಾ’ (ಪಂಜದ ಉಗುರು), ‘ಡಿಕ್ಟೇಟರ್’ ಎನ್ನುತ್ತಾರೆ. ನೀವೂ ಸಹೋದ್ಯೋಗಿಯ ಜೊತೆ ಹಾಗೇ ಮಾಡಿ.

ಇಂಥದೇ ಅಂಜಿಕೆ ಪ್ಯಾಕ್‌ಮ್ಯಾನ್‌ಗೂ ತಟ್ಟಿತ್ತು. 1980ರಲ್ಲಿ ಆ ಆಟ ರೂಪಿಸಿದ ತೋರು ಇವಾತಾನಿ ಇಟ್ಟ ಹೆಸರು ‘ಪಕ್‌ಮ್ಯಾನ್’. ನಾವು ‘ಗಬಗಬ’ ಅನ್ನುವಂತೆ ಜಪಾನಿನವರು ‘ಪಾಕು ಪಾಕು’ ಅನ್ನುತ್ತಾರೆ, ಅದರಿಂದ ಬಂದದ್ದು. ಅಮೆರಿಕದ ಹುಡುಗರು ಯಂತ್ರದ ಮೇಲಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಸ್ವಲ್ಪ ಕೆರೆದರೆ ಕೊಳಕು ಬೈಗುಳವಾಗುತ್ತದೆಂದು ಅದನ್ನು ಬದಲಿಸಿದರು. ಈ ಬದಲಾವಣೆಗಳಲ್ಲಿ ನನಗೆ ಬೇಸರವಾಗುವುದು ಪ್ಯಾಕ್‌ಮ್ಯಾನ್‌ನ ದೆವ್ವಗಳದ್ದು. ಜಪಾನಿನಲ್ಲಿ ಅವುಗಳಿಗಿದ್ದ ಹೆಸರುಗಳ ಅರ್ಥ ಬೆನ್ನಟ್ಟುವವ, ಹೊಂಚುವವ, ಚಂಚಲ, ಪೆದ್ದನಂತೆ ನಟಿಸುವವ. ಪ್ರತಿಯೊಂದೂ ಹೆಸರಿಗೆ ತಕ್ಕಂತೆಯೇ ಓಡುತ್ತದೆ. ಗುಲಾಬಿ ದೆವ್ವ ನಿಮ್ಮ ಹಿಂದೆ ಬರುವುದಿಲ್ಲ, ನೀವು ಹೋಗುವ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಕ್ಕೆ ಗುರಿ ಇಡುತ್ತದೆ. ಬ್ಲಿಂಕಿ, ಪಿಂಕಿ, ಇಂಕಿ, ಕ್ಲೈಡ್ ಎಂದ ಮೇಲೆ ಆ ಸುಳಿವೆಲ್ಲ ಹೋಯಿತು.

ಪ್ರಶ್ನೆ: ಮಾರ್ಟಲ್ ಕಾಂಬ್ಯಾಟ್ ಆಟದ ಪಾತ್ರ ‘ನೂಬ್ ಸೈಬಾಟ್’ನ ಹೆಸರು ಯಾವ ಭಾಷೆ?
– ಓದುಗರು, ದಾವಣಗೆರೆ

ಉತ್ತರ: ಯಾವ ಭಾಷೆಯೂ ಅಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದಿನಿಂದ ಓದಿ: ಬೂನ್, ಟೋಬಿಯಾಸ್. ಆಟ ಕಟ್ಟಿದ ಎಡ್ ಬೂನ್ ಮತ್ತು ಜಾನ್ ಟೋಬಿಯಾಸ್ ಅವರ ಉಪನಾಮಗಳು.

ಪ್ರಶ್ನೆ: ಫೈನಲ್ ಫ್ಯಾಂಟಸಿಯಲ್ಲಿ ‘ಶಿವ’ ಅಂದರೆ ಹಿಮ ಎರಚುವ ಹೆಂಗಸು. ಇದು ನಮ್ಮ ದೇವರಿಗೆ ಅವಮಾನ ಅಲ್ಲವೇ?
– ಓದುಗರು, ನಂಜನಗೂಡು

ಉತ್ತರ: ನಂಜುಂಡನ ಊರಿನವರು ಕೇಳಬೇಕಾದ ಪ್ರಶ್ನೆಯೇ. ಆದರೆ ಅವಮಾನ ಅನ್ನಲಾರೆ, ಉಡಾಫೆ ಅನ್ನಬಹುದು.

1990ರ ‘ಫೈನಲ್ ಫ್ಯಾಂಟಸಿ 3’ರಲ್ಲಿ ಆಟಗಾರ ಕರೆದಾಗ ಬಂದು ನೆರವಾಗುವ ಶಕ್ತಿಗಳನ್ನು ತಂದರು. ಅವುಗಳಿಗೆ ಲೋಕದ ಎಲ್ಲ ಮೂಲೆಗಳಿಂದ ಹೆಸರು ಎತ್ತಿಕೊಂಡರು. ಇಫ್ರಿತ್ ಅರಬ್ಬರ ಜಿನ್, ಓಡಿನ್ ಉತ್ತರ ಯುರೋಪಿನ ದೇವರು. ಬಹಾಮುತ್ ಅರಬ್ಬರ ಕಥೆಗಳಲ್ಲಿ ಭೂಮಿಯ ಅಡಿಯಲ್ಲಿರುವ ಮಹಾಮೀನು, ಇಲ್ಲಿ ಡ್ರ್ಯಾಗನ್. ಮೂಲಕ್ಕೆ ನಿಷ್ಠರಾಗುವ ಉಮೇದು ಅವರಿಗೆ ಇರಲೇ ಇಲ್ಲ.

ಸ್ವಾರಸ್ಯ ಇರುವುದು ಬೇರೆ ಕಡೆ. ನಮ್ಮ ದೇವತೆಗಳು ಬೌದ್ಧರೊಡನೆ ಚೀನಾ ದಾಟಿ ಸಾವಿರ ವರ್ಷಗಳ ಹಿಂದೆಯೇ ಜಪಾನಿಗೆ ಹೋಗಿದ್ದಾರೆ. ಸರಸ್ವತಿ ಅಲ್ಲಿ ಬೆಂಜೈತೆನ್, ಕೈಯಲ್ಲಿ ವೀಣೆಯಂಥ ಬಿವಾ. ಮಹೇಶ್ವರ ಅಲ್ಲಿ ದೈಜಿಜೈತೆನ್. ಹಾಗಾಗಿ ‘ಶಿವ’ ಎಂಬ ಸಂಸ್ಕೃತ ಉಚ್ಚಾರ ಜಪಾನಿನ ಹುಡುಗನ ಕಿವಿಗೆ ಗುಡಿಯ ದೇವರನ್ನು ನೆನಪಿಸುವುದಿಲ್ಲ, ಬರೀ ದೂರದೇಶದ ಚೆಂದದ ಸದ್ದು. ಅದಕ್ಕೇ ಹೆಣ್ಣಿನ ರೂಪಕ್ಕೆ ಅಷ್ಟು ಸಲೀಸಾಗಿ ಅಂಟಿತು ಎಂಬುದು ನನ್ನ ಅಂದಾಜು.

ಅಲ್ಲಿ ಬೇರೂರಿದ ಹೆಸರನ್ನು ಬಳಸಿದಾಗ ಇಷ್ಟು ಸ್ವೈರವಾಗಿ ನಡೆದುಕೊಂಡಿಲ್ಲ. 1991ರ ‘ಫೈನಲ್ ಫ್ಯಾಂಟಸಿ 4’ರ ಅಸುರಾಗೆ ಮೂರು ಮುಖ. ಜಪಾನಿನ ನಾರಾ ನಗರದ ಕೊಫುಕುಜಿ ದೇವಾಲಯದಲ್ಲಿ 734ರ ಸುಮಾರಿಗೆ ಮಾಡಿದ ಅಶುರಾ ವಿಗ್ರಹಕ್ಕೂ ಮೂರು ಮುಖ, ಜೊತೆಗೆ ಆರು ಕೈ. ಮುಖದಲ್ಲಿ ಬಾಲಕನ ಕಳೆ. ನಮ್ಮ ಪುರಾಣಗಳಲ್ಲಿ ದೇವತೆಗಳ ವೈರಿಯಾದ ಅಸುರ ಅಲ್ಲಿ ಬುದ್ಧನ ಕಾವಲುಗಾರ. ಹೀಗಾಗಿ ಆಟದಲ್ಲಿ ಅಸುರಾ ಶಕ್ತಿಗಳ ರಾಣಿಯಾದದ್ದು, ಗಾಯ ಮಾಯಿಸುವವಳಾದದ್ದು ನಮಗೆ ವಿಚಿತ್ರ ಅನ್ನಿಸಿದರೂ ಅಲ್ಲಿಯವರಿಗೆ ಅಲ್ಲ.

ಪ್ರಶ್ನೆ: ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಟದಲ್ಲಿ ನಮ್ಮ ಹಳೇಬೀಡು, ಬೇಲೂರು ಬರುತ್ತವೆ. ಖಳನಾಯಕನ ಹೆಸರು ‘ಅಸವ್’. ಇದು ಕನ್ನಡದ ಹೆಸರೇ?
– ಓದುಗರು, ಹಾಸನ

ಉತ್ತರ: ಅಲ್ಲ. ಹೊಯ್ಸಳರ ಶಾಸನಗಳಲ್ಲಿ ಸಿಗುವುದು ಎರೆಯಂಗ, ಬಿಟ್ಟಿದೇವ, ಬಲ್ಲಾಳನಂಥ ಹೆಸರುಗಳು. ಇಂಗ್ಲಿಷ್ ಸ್ಪೆಲಿಂಗ್ ನೋಡಿ ನಮ್ಮವರು ‘ಆಸವ’ ಎಂದು ಓದಿದರೆ ನೆನಪಾಗುವುದು ಆಯುರ್ವೇದ ಅಂಗಡಿಯ ದ್ರಾಕ್ಷಾಸವ. ಬಾಟಲಿಯ ಮೇಲೆ ಹೊಂದುವ ಹೆಸರು, ಸೇನಾನಿಗೆ ಅಲ್ಲ. 2017ರ ಈ ಆಟದವರು ಕಲ್ಲಿನ ಕೆತ್ತನೆಗೆ, ಪಶ್ಚಿಮ ಘಟ್ಟದ ಹಸಿರಿಗೆ ಪಟ್ಟ ಶ್ರಮದಲ್ಲಿ ಕಾಲುಭಾಗವನ್ನು ಹೆಸರಿಗೆ ಕೊಟ್ಟಿದ್ದರೆ ಸಾಕಿತ್ತು. ಬೇಲೂರನ್ನು ಕಳೆದುಹೋದ ನಗರ ಮಾಡಿದ್ದನ್ನು ಮಾತ್ರ ಕ್ಷಮಿಸಿಬಿಡಿ. ಚೆನ್ನಕೇಶವನಿಗೆ ಈಗಲೂ ನಿತ್ಯಪೂಜೆ ನಡೆಯುತ್ತದೆ, ನಿಮ್ಮೂರಿಂದ ಬಸ್ಸೂ ಇದೆ ಎಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.