ಹತ್ತಕ್ಕೇ ಮಲಗಿದರೂ ಹನ್ನೆರಡರವರೆಗೆ ನಿದ್ದೆ ಹತ್ತುವುದಿಲ್ಲ, ಏನು ಮಾಡಲಿ?

ಮೊದಲು ಸಂಜೆಯ ಕಾಫಿ ಎಷ್ಟು ಹೊತ್ತಿಗೆ ಕುಡಿಯುತ್ತೀರಿ, ನೋಡಿಕೊಳ್ಳಿ. ಮೈ ಸೇರಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ 6ಕ್ಕೆ ಹೀರಿದ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ ಪಾಲು ಕೆಫೀನ್ ರಾತ್ರಿ 11ಕ್ಕೂ ಒಳಗೇ ಇರುತ್ತದೆ. ದಣಿವನ್ನು ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕ ಮಿದುಳಿಗೆ ತಟ್ಟದಂತೆ ಈ ಕೆಫೀನ್ ತಡೆಯುತ್ತದೆ. ಮಧ್ಯಾಹ್ನ 2ರ ನಂತರ ಬಿಟ್ಟು ನೋಡಿ. ಟೀ ಕೂಡ (ಅದರಲ್ಲೂ ಕೆಫೀನ್ ಇದೆ, ಬಹಳ ಜನ ಮರೆಯುತ್ತಾರೆ).

ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ಭಾನುವಾರವೂ ಅದನ್ನೇ ಪಾಲಿಸಿ, ಎದ್ದಮೇಲೆ ಸ್ವಲ್ಪ ಬೆಳಕಿಗೆ ಬನ್ನಿ. 20 ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಏನಾದರೂ ಓದಿ, ತೂಕಡಿಕೆ ಬಂದಾಗ ಮರಳಿ ಮಲಗಿ. ಮೊಬೈಲ್ ಮಾತ್ರ ಬೇಡ.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ಹೀಗೇ ನಡೆದರೆ ವೈದ್ಯರನ್ನು ಕಾಣಿ.