ದತ್ತು ಬಂದ ಮಗುವಿಗೆ ನಮ್ಮ ಮನೆಯ ಊಟ ಸೇರುತ್ತಿಲ್ಲ, ಏನು ಮಾಡಬೇಕು?

ಮಗಳಿಗೆ ನಾಲ್ಕು ವರ್ಷ, ಮನೆಗೆ ಬಂದು ಮೂರು ವಾರ, ಬರೀ ಅನ್ನ ಮತ್ತು ಬಾಳೆಹಣ್ಣು ಬಿಟ್ಟರೆ ಏನನ್ನೂ ಮುಟ್ಟುವುದಿಲ್ಲ, ಬಿಸ್ಕತ್ತನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ ಅಂತ ಬರೆದಿದ್ದೀರಿ. ಇವೆರಡೂ ಬೇರೆ ಬೇರೆ ತೊಂದರೆಗಳಲ್ಲ ಅಂತಲೇ ನನಗನ್ನಿಸುತ್ತದೆ. ಮುಂದಿನ ಊಟ ಬಂದೇ ಬರುತ್ತದೆ ಎಂಬ ಧೈರ್ಯ ಅವಳಿಗಿನ್ನೂ ಬಂದಿಲ್ಲ. ಹಾಗಾಗಿ ಇನ್ನೊಂದು ತಿಂಗಳು ‘ಎಲ್ಲವನ್ನೂ ತಿನ್ನಲು ಕಲಿಸಬೇಕು’ ಎನ್ನುವ ಯೋಚನೆಯನ್ನೇ ಪಕ್ಕಕ್ಕಿಡಿ. ಊಟ ಹೊತ್ತಿಗೆ ಸರಿಯಾಗಿ, ಹೊಟ್ಟೆ ತುಂಬುವಷ್ಟು ಸಿಗುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಹೊಸ ರುಚಿಯ ಕೆಲಸ ಅರ್ಧಕ್ಕರ್ಧ ಸುಲಭವಾಗುತ್ತದೆ.

ಮೊದಲು ಅವಳನ್ನು ನೋಡಿಕೊಳ್ಳುತ್ತಿದ್ದವರಿಗೆ ಇನ್ನೊಮ್ಮೆ ಫೋನ್ ಮಾಡಿ. ‘ಏನು ತಿನ್ನುತ್ತಿದ್ದಳು’ ಅಂತ ಮಾತ್ರ ಕೇಳಿದರೆ ‘ಎಲ್ಲಾ ತಿನ್ನುತ್ತಿದ್ದಳು’ ಎನ್ನುವ ಉತ್ತರ ಬರುತ್ತದೆ. ಬೆಳಗ್ಗೆಯಿಂದ ರಾತ್ರಿವರೆಗೆ ಯಾವ ಹೊತ್ತಿಗೆ ಏನು ಕೊಡುತ್ತಿದ್ದರು, ಅನ್ನ ಮುದ್ದೆಯಾಗಿತ್ತೋ ಉದುರಾಗಿತ್ತೋ, ಬಿಸಿಯೋ ಆರಿದ್ದೋ, ತಾನೇ ತಿನ್ನುತ್ತಿದ್ದಳೋ ಯಾರಾದರೂ ತಿನ್ನಿಸುತ್ತಿದ್ದರೋ, ಹಾಲು ಬಾಟಲಿಯಲ್ಲೋ ಲೋಟದಲ್ಲೋ ಅಂತ ಬಿಡಿಬಿಡಿಯಾಗಿ ಕೇಳಿ. ಕೆಲವು ಮಕ್ಕಳು ಬೇಡ ಅನ್ನುವುದು ಪದಾರ್ಥವನ್ನಲ್ಲ, ಅದರ ಹದವನ್ನು.

ಹೊತ್ತಿನ ವಿಷಯದಲ್ಲಿ ಗಟ್ಟಿಯಾಗಿರಿ. ಈ ವಯಸ್ಸಿಗೆ ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ತಿಂಡಿ, ಎರಡೂವರೆಯಿಂದ ಮೂರು ಗಂಟೆಯ ಅಂತರ. ಗಡಿಯಾರ ಓದಲು ಬಾರದ ಮಗುವಿಗೆ ದಿನದ ಊಟಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ, ಒಂದೊಂದು ಮುಗಿದಾಗ ಅವಳ ಕೈಯಲ್ಲೇ ಗುರುತು ಹಾಕಿಸಿ. ನಡುವೆ ನೀರು ಮಾತ್ರ. ಹಾಲು ದಿನಕ್ಕೆ 400ರಿಂದ 500 ಮಿಲಿಲೀಟರ್ ದಾಟದಿರಲಿ. ‘ಏನೂ ತಿಂದಿಲ್ಲ, ಹಾಲಾದರೂ ಕುಡಿಯಲಿ’ ಅಂತ ಲೋಟ ಲೋಟ ಕೊಟ್ಟರೆ ಹಸಿವು ಸಾಯುತ್ತದೆ, ಜೊತೆಗೆ ಕಬ್ಬಿಣದ ಕೊರತೆಯೂ ಬರಬಹುದು.

ಎಲ್ಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ರೂಪಿಸಿದ ಒಂದು ಹೊಣೆ ಹಂಚಿಕೆ ಇದೆ: ಏನು, ಯಾವಾಗ, ಎಲ್ಲಿ ಬಡಿಸಬೇಕು ಎನ್ನುವುದು ದೊಡ್ಡವರ ಪಾಲು, ತಿನ್ನಬೇಕೋ ಬೇಡವೋ, ಎಷ್ಟು ಎನ್ನುವುದು ಮಗುವಿನ ಪಾಲು. ಓದಲು ಸರಳ, ಪಾಲಿಸುವುದು ಕಷ್ಟ, ಅದರಲ್ಲೂ ಮನೆಯಲ್ಲಿ ಅಜ್ಜಿ ತಾತ ಇದ್ದರೆ! ‘ಒಂದೇ ಒಂದು ತುತ್ತು’, ‘ಇದು ತಿಂದರೆ ಚಾಕೊಲೇಟ್’, ಟಿವಿ ತೋರಿಸಿ ಬಾಯಿಗೆ ತುರುಕುವುದು, ತಿಂದಾಗ ಎಲ್ಲರೂ ಚಪ್ಪಾಳೆ ಹೊಡೆಯುವುದು, ಇವೆಲ್ಲ ಒತ್ತಾಯದ ಬೇರೆ ಬೇರೆ ರೂಪಗಳೇ. ಮೊದಲೇ ಅವರ ಜೊತೆ ಕೂತು ಮಾತಾಡಿಕೊಳ್ಳಿ.

ತಟ್ಟೆ ಹೀಗಿರಲಿ: ಅವಳು ಖಂಡಿತ ತಿನ್ನುವ ಒಂದು ಪದಾರ್ಥ ಹೊಟ್ಟೆ ತುಂಬುವಷ್ಟು, ಜೊತೆಗೆ ಮನೆಯವರು ತಿನ್ನುತ್ತಿರುವುದರಲ್ಲಿ ಒಂದು, ಕಡಲೆಕಾಳಿನಷ್ಟೇ. ದೊಡ್ಡ ಚಮಚದಲ್ಲಿ ಬಡಿಸಿದರೆ ತಟ್ಟೆ ನೋಡಿಯೇ ಹೆದರುತ್ತಾಳೆ. ಅವಳು ಆ ಕಾಳಿನಷ್ಟನ್ನು ಬೆರಳಿನಿಂದ ದೂರ ತಳ್ಳಬಹುದು, ಮೂಸಬಹುದು, ನಾಲಗೆಯ ತುದಿಗೆ ತಾಗಿಸಿ ಉಗುಳಬಹುದು. ಇದೆಲ್ಲ ಕಲಿಕೆಯೇ. ಉಗುಳಲು ಪಕ್ಕದಲ್ಲೊಂದು ಬಟ್ಟಲಿಡಿ. ಉಗುಳಬಹುದು ಅಂತ ಗೊತ್ತಿದ್ದರೆ ಬಾಯಿಗಿಡುವ ಧೈರ್ಯ ಬರುತ್ತದೆ. ಒಂದು ಹೊಸ ಪದಾರ್ಥ ಒಪ್ಪಿಗೆಯಾಗಲು ಸಾಮಾನ್ಯವಾಗಿ 8ರಿಂದ 15 ಸಲ ಕಣ್ಣಿಗೆ ಬಿದ್ದು, ಬಾಯಿಗೆ ತಾಗಬೇಕು. ಹೆಚ್ಚಿನವರು ಮೂರನೇ ಸಲಕ್ಕೇ ‘ಇವಳಿಗೆ ಇದು ಇಷ್ಟವಿಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಈಗಾಗಲೇ ತಿನ್ನುತ್ತಿರುವುದರಿಂದಲೇ ದಾರಿ ಮಾಡಿಕೊಳ್ಳಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಅನ್ನವನ್ನು ಹಾಗೆಯೇ ಬಿಟ್ಟು, ಮನೆಯ ಸಾರನ್ನು ಪುಟ್ಟ ಬಟ್ಟಲಿನಲ್ಲಿ ಪಕ್ಕಕ್ಕಿಡಿ. ಕೆಲವು ದಿನ ಅದು ಸುಮ್ಮನೆ ಇರಲಿ. ಆಮೇಲೆ ಅನ್ನದ ಅಂಚಿಗೆ ನಾಲ್ಕು ಹನಿ, ಮುಂದೆ ಅರ್ಧ ಚಮಚ. ಅವಳಿಗೆ ಗೊತ್ತಾಗದ ಹಾಗೆ ಇಡೀ ಅನ್ನಕ್ಕೆ ಕಲಸಬೇಡಿ. ಸಿಕ್ಕಿಬಿದ್ದರೆ ಅನ್ನದ ಮೇಲಿನ ನಂಬಿಕೆಯೂ ಹೋಗುತ್ತದೆ, ಆಗ ಉಳಿಯುವುದು ಬಾಳೆಹಣ್ಣು ಮಾತ್ರ. ಬಾಳೆಹಣ್ಣಿನಿಂದ ಮೊಸರಿನಲ್ಲಿ ಕಿವುಚಿದ ಬಾಳೆಹಣ್ಣಿಗೆ, ಅಲ್ಲಿಂದ ಅಷ್ಟೇ ಮೆತ್ತಗೆ ಬೇಯಿಸಿದ ಸೇಬಿಗೆ ಹೋಗಬಹುದು. ಖಾರ ಹಾಕುವ ಮೊದಲೇ ಅವಳ ಪಾಲು ತೆಗೆದಿಡಿ. ಅಕಸ್ಮಾತ್ ಖಾರ ತಾಗಿದರೆ ನೀರಿನಿಂದ ಪ್ರಯೋಜನವಿಲ್ಲ, ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ; ಹಾಲು ಅಥವಾ ಮೊಸರು ಕೊಡಿ. ವಾಸನೆಗೇ ಮೂಗು ಮುಚ್ಚಿಕೊಂಡರೆ ಆರಿಸಿ ಬಡಿಸಿ, ಬಿಸಿ ಆಹಾರದ ವಾಸನೆ ಹೆಚ್ಚು.

ಅಗಿಯದೆ ನುಂಗುತ್ತಾಳೆಯೇ ಅಂತಲೂ ಗಮನಿಸಿ. ತುಂಬ ದಿನ ನುಣ್ಣಗೆ ಕಲಸಿದ್ದನ್ನೇ ತಿಂದ ಮಕ್ಕಳಿಗೆ ಅಗಿಯುವ ರೂಢಿಯೇ ಇರುವುದಿಲ್ಲ, ತುಂಡು ಸಿಕ್ಕ ಕೂಡಲೇ ಓಕರಿಸುತ್ತಾರೆ. ನುಣ್ಣಗಿನಿಂದ ತರಿತರಿಗೆ, ಅಲ್ಲಿಂದ ಬೆರಳಲ್ಲಿ ಒತ್ತಿದರೆ ಪುಡಿಯಾಗುವ ತುಂಡಿಗೆ ನಿಧಾನವಾಗಿ ಹೋಗಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ, ಬಾದಾಮಿ, ಗೋಡಂಬಿ, ಕಡಲೆಕಾಯಿಯಂಥ ಇಡೀ ಬೀಜಗಳು ಐದು ವರ್ಷದವರೆಗೆ ಬೇಡ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ. ಸದ್ದೇ ಬರದಿದ್ದರೆ ತುಂಡು ಸಿಕ್ಕಿಕೊಂಡು ಉಸಿರು ಕಟ್ಟಿದೆ ಎಂದರ್ಥ, ತಕ್ಷಣ ಪ್ರಥಮ ಚಿಕಿತ್ಸೆ ಬೇಕು. ಅದನ್ನು ಈಗಲೇ ಕಲಿತಿಡಿ.

ಬಚ್ಚಿಡುವುದಕ್ಕೆ ಬೈಯಬೇಡಿ, ಬೀರುವಿಗೆ ಬೀಗವನ್ನೂ ಹಾಕಬೇಡಿ. ಬೀಗ ಕಂಡಷ್ಟೂ ಬಚ್ಚಿಡುವುದು ಹೆಚ್ಚುತ್ತದೆ. ಅವಳದೇ ಒಂದು ಡಬ್ಬಿ ಕೊಟ್ಟು, ಕೆಡದ ತಿಂಡಿ ಹಾಕಿ, ಖಾಲಿಯಾದಾಗ ಅವಳ ಕಣ್ಣೆದುರೇ ತುಂಬಿಸಿ. ರಾತ್ರಿ ಅದು ಹಾಸಿಗೆಯ ಹತ್ತಿರವೇ ಇರಲಿ. ಇದು ಹೊತ್ತಿನ ನಿಯಮಕ್ಕೆ ವಿರುದ್ಧವಲ್ಲವೇ ಅಂದರೆ, ಹೌದು. ಆದರೂ ಈ ಡಬ್ಬಿಯೊಂದಕ್ಕೆ ವಿನಾಯಿತಿ ಕೊಡಿ. ಮುಂದೆ ಉಲ್ಟಾ ಹೊಡೆದು ಮಿತಿಯಿಲ್ಲದೆ ತಿನ್ನತೊಡಗಿದರೂ ತಟ್ಟೆ ಎಳೆದುಕೊಳ್ಳಬೇಡಿ. ಚಿಕ್ಕ ಬಟ್ಟಲಿನಲ್ಲಿ ಮತ್ತೆ ಮತ್ತೆ ಬಡಿಸಿ, ಪಾತ್ರೆಯಲ್ಲಿ ಇನ್ನೂ ಇರುವುದನ್ನು ತೋರಿಸಿ.

ಈ ತಿಂಗಳೇ ಮಕ್ಕಳ ವೈದ್ಯರಿಗೆ ತೋರಿಸಿ ತೂಕ, ಎತ್ತರ ಬರೆಸಿ; ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಮಲ ಪರೀಕ್ಷೆ ಕೇಳಿ. ಕಬ್ಬಿಣ ಕಡಿಮೆಯಿದ್ದರೆ, ಹೊಟ್ಟೆಯಲ್ಲಿ ಹುಳುವಿದ್ದರೆ ಹಸಿವು ಕಡಿಮೆಯಾಗಬಹುದು. ಮಣ್ಣು, ಸೀಮೆಸುಣ್ಣ ತಿನ್ನುವುದೂ ಕಬ್ಬಿಣದ ಕೊರತೆಯ ಸೂಚನೆಯಾಗಿರಬಹುದು. ಹಾಲು ಕುಡಿದ ಮೇಲೆ ಹೊಟ್ಟೆಯುಬ್ಬರ, ಭೇದಿಯಾದರೆ ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಜೀರ್ಣವಾಗುತ್ತಿಲ್ಲದಿರಬಹುದು, ಇಂಥವರಿಗೆ ಮೊಸರು ಒಗ್ಗುವುದುಂಟು. ಅಲರ್ಜಿಯ ಹಿನ್ನೆಲೆ ಗೊತ್ತಿಲ್ಲವಾದ್ದರಿಂದ ಮೊಟ್ಟೆ, ಕಡಲೆಕಾಯಿ, ಮೀನಿನಂಥವನ್ನು ಒಂದೊಂದಾಗಿ, ಚೂರೇ ಚೂರು, ಬೆಳಗಿನ ಹೊತ್ತು ಕೊಟ್ಟು ಎರಡು ಮೂರು ದಿನ ನೋಡಿ. ತುಟಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದು ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮಗು ತೀರಾ ಬಡಕಲಾಗಿದ್ದರೆ ಒಮ್ಮೆಲೇ ಹೆಚ್ಚು ತಿನ್ನಿಸುವುದೂ ಅಪಾಯ, ರಕ್ತದ ಲವಣಾಂಶ ಏರುಪೇರಾಗುತ್ತದೆ. ಪ್ರಮಾಣವನ್ನು ವೈದ್ಯರೇ ಹೇಳಲಿ.

ತೂಕ ಇಳಿಯುತ್ತಿದ್ದರೆ, ಕುಡಿಯುವಾಗಲೆಲ್ಲ ಕೆಮ್ಮು ಬಂದರೆ, ತಿನ್ನುತ್ತಿದ್ದ ಅನ್ನವನ್ನೂ ಬಿಟ್ಟರೆ ‘ಒಗ್ಗಿಕೊಳ್ಳುತ್ತಾಳೆ ಬಿಡಿ’ ಅಂತ ಕಾಯಬೇಡಿ. ಮಕ್ಕಳಿಗೆ ನುಂಗುವ, ಅಗಿಯುವ ತರಬೇತಿ ಕೊಡುವ ಥೆರಪಿಸ್ಟ್ ಹತ್ತಿರ ಕಳಿಸಲು ವೈದ್ಯರನ್ನು ಕೇಳಿ. ಹೋಗುವಾಗ ಒಂದು ವಾರದ ಪಟ್ಟಿ ತೆಗೆದುಕೊಂಡು ಹೋಗಿ: ಹೊತ್ತು, ಬಡಿಸಿದ್ದು, ತಿಂದದ್ದು, ಉಗುಳಿದ್ದು.